ವೈಂಡಪ್ ಅತ್ತಿಗೆ

ಗಡಿಯಾರದ ಅಂಗಡಿಯವನ ಹೆಂಡತಿಯನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನ್ಯಾಯವಾಗಿ ನೋಡಿದರೆ ಒಬ್ಬನಿಗೇ ಇತ್ತು, ಆಕೆಯ ಗಂಡನ ತಮ್ಮನಿಗೆ. ಆದರೆ ಆ ಮೈದುನನ ಗಂಟಲು ದೊಡ್ಡದು. ಅವನು ಬೀದಿಯ ಈ ತುದಿಯಲ್ಲಿ ನಿಂತು “ಅತ್ತಿಗೇ” ಎಂದು ಕೂಗಿದರೆ ಆ ತುದಿಯ ಇಸ್ತ್ರಿ ಅಂಗಡಿಯವನೂ ತಲೆಯೆತ್ತಿ ನೋಡುತ್ತಿದ್ದ. ಹೀಗಾಗಿ ಬರಬರುತ್ತ ಆಕೆ ಇಡೀ ಬೀದಿಗೆ ಅತ್ತಿಗೆಯಾದಳು. ಪುಕ್ಕಟೆ ಸಿಕ್ಕುವ ನೆಂಟಸ್ತನವನ್ನು ಯಾರು ಬೇಡವೆನ್ನುತ್ತಾರೆ? ಆ ಹೆಸರಿನ ತಲೆಗೆ ‘ವೈಂಡಪ್’ ಎಂಬ ಕೊಂಬು ಮೂಡಿದ್ದು ಆಮೇಲೆ. ಮೂಡಿಸಿದವನೂ ಅದೇ ಮೈದುನ. ಆ ಕೊಂಬಿನಿಂದಲೇ ಆಕೆ ಅವನನ್ನು ತಿವಿದಳು.

ಅಂಗಡಿಯೆಂದರೆ ಅಗಲಕ್ಕಿಂತ ಉದ್ದವೇ ಹೆಚ್ಚಾದ ಒಂದು ಕೋಣೆ, ಅರ್ಧ ಎಳೆದಿಟ್ಟ ಬೆಂಕಿಪೊಟ್ಟಣದ ಹಾಗೆ. ಎರಡೂ ಗೋಡೆಗಳ ತುಂಬ ಗಡಿಯಾರ. ಬಾಗಿಲ ಪಕ್ಕದ ಮೇಜಿನ ಹಿಂದೆ ಗಂಡ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣನ್ನು ಲೋಕಕ್ಕೆ ಮುಚ್ಚಿಕೊಂಡು ಕೂತಿರುತ್ತಿದ್ದ. ಅವನಿಗೆ ಮಾತು ಕಡಿಮೆ. ಆ ಕಡಿಮೆ ಮಾತಿನಲ್ಲೂ ಮದುವೆಯಾದಂದಿನಿಂದ ತಪ್ಪದೆ ಬಂದದ್ದು ಒಂದೇ ಪ್ರಶ್ನೆ. ಸೋಮವಾರ ಬೆಳಿಗ್ಗೆ ಕಸ ಗುಡಿಸಿ, ಸ್ಟೂಲು ಹತ್ತಿ, ಆಕೆ ಒಂದೊಂದೇ ಗಡಿಯಾರಕ್ಕೆ ಕೀ ಕೊಡುತ್ತ ಬಾಗಿಲವರೆಗೆ ಬಂದಾಗ ಅವನು ತಲೆಯೆತ್ತದೆ ಕೇಳುತ್ತಿದ್ದ:

“ವೈಂಡಪ್ ಆಯ್ತಾ?”

“ಆಯ್ತು.”

ಗಿರಾಕಿಗಳ ಮುಂದೆ ಅದು ಕೀ ಕೊಡುವುದು, ಗಂಡಹೆಂಡಿರ ನಡುವೆ ವೈಂಡಪ್. ಆ ಪದವನ್ನು ಅವನು ಕೆಲಸ ಕಲಿಸಿದ ಮೇಸ್ತ್ರಿಯಿಂದ ಕಲಿತಿದ್ದ, ಆಕೆ ಅವನಿಂದ ಕಲಿತಳು. ಅದಕ್ಕೆ ಇನ್ನೊಂದು ಅರ್ಥವಿರಬಹುದೆಂಬ ಅನುಮಾನ ಆಕೆಗೆ ಯಾಕಾದರೂ ಬರಬೇಕು? ಉಪ್ಪಿನ ಡಬ್ಬಿಯಲ್ಲಿ ಉಪ್ಪಲ್ಲದೆ ಇನ್ನೇನಿದೆ ಎಂದು ಯಾರು ಮುಚ್ಚಳ ತೆಗೆದು ನೋಡುತ್ತಾರೆ?

ರಿಪೇರಿ ಕೆಲಸವನ್ನೂ ಅವನೇ ಕಲಿಸಿದ. “ಕೀ ಕೊಡುವಾಗ ಕಿವೀನೂ ಕೊಡಬೇಕು ಕಣೆ,” ಎನ್ನುತ್ತಿದ್ದ. “ಸ್ಪ್ರಿಂಗು ತಾನಾಗೇ ಸಾಕು ಅನ್ನುತ್ತೆ. ಅಂದ ತಕ್ಷಣ ಕೈ ನಿಲ್ಲಿಸು. ಅದಾದ ಮೇಲೆ ಅರ್ಧ ಸುತ್ತು ಜಾಸ್ತಿ ಕೊಟ್ಯೋ, ಕಿತ್ತುಕೊಂಡು ಹೋಗುತ್ತೆ.” ಆಕೆ ಪಾಠವನ್ನು ಚೆನ್ನಾಗಿ ನೆನಪಿಟ್ಟುಕೊಂಡಳು. ಆ ಅರ್ಧ ಸುತ್ತಿನ ಭಾಗವನ್ನಂತೂ ಇನ್ನೂ ಚೆನ್ನಾಗಿ.

ಮೈದುನ ಹಾಲುಹಲ್ಲು ಬೀಳುವ ವಯಸ್ಸಿನಿಂದ ಆಕೆಯ ಕೈತುತ್ತು ತಿಂದು ಬೆಳೆದವನು. ದೊಡ್ಡವನಾದ ಮೇಲೆ ಬೇರೆ ಊರಿನ ಯಾವುದೋ ದೊಡ್ಡ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿ, ಮಿರಿಮಿರಿ ಮಿಂಚುವ ಒಂದು ಜೊತೆ ಶೂ, ಒಂದು ಹಿಡಿ ಇಂಗ್ಲಿಷು ಗಳಿಸಿಕೊಂಡು ಹಿಂತಿರುಗಿದ. ಶೂ ಕಾಲಿಗೆ, ಇಂಗ್ಲಿಷು ನಾಲಿಗೆಗೆ. ಎರಡೂ ಒಂದು ಸೈಜು ದೊಡ್ಡವು. ನಡೆದರೆ ಟಪಟಪ, ಮಾತಾಡಿದರೂ ಟಪಟಪ. ಸ್ವಂತ ಶೋರೂಮ್ ತೆರೆಯಬೇಕೆಂಬುದು ಅವನ ಆಸೆ. ಆಸೆಗೆ ಬೇಕಾದ ಜಾಗದಲ್ಲಿ ಅಣ್ಣ ಕೂತಿದ್ದ.

ಒಂದು ಮಧ್ಯಾಹ್ನ ಅಣ್ಣ ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಅಂಗಡಿಗೆ ಬೀಗ ಬಿತ್ತು. ಕೀ ಕೊಡುವವರಿಲ್ಲದೆ ಗಡಿಯಾರಗಳು ಒಂದೊಂದಾಗಿ, ತಮಗೆ ತೋಚಿದ ಹೊತ್ತಿಗೆ ನಿಂತುಹೋದವು.

ಅಂಗಡಿಯ ಬಾಡಿಗೆ ಕರಾರು ಅಣ್ಣತಮ್ಮ ಇಬ್ಬರ ಹೆಸರಿನಲ್ಲೂ ಇತ್ತು. ಹೀಗಾಗಿ ಮುಂದೇನು ಎಂದು ಮಾತಾಡಲು ಅತ್ತಿಗೆ, ಮೈದುನ ಸೇರಿದ್ದು ಕಟ್ಟಡದ ಯಜಮಾನಿಯ ಮನೆಯಲ್ಲಿ. ಯಜಮಾನಿ ಮಹಡಿಯ ಮೇಲೆ ಒಬ್ಬಳೇ ಇರುವ ಮುದುಕಿ. ಕಿವಿ ಮಂದ, ಬುದ್ಧಿ ಚುರುಕು. ಮೈದುನ ಶೂ ಬಿಚ್ಚದೆಯೇ ಒಳಗೆ ಬಂದು ಕೂತ.

“ಅತ್ತಿಗೆ, ತಿಂಗಳ ಕೊನೆಗೆ ಅಂಗಡೀನ ವೈಂಡಪ್ ಮಾಡಿಬಿಡೋಣ. ಏನಂತೀರಿ?”

ಅತ್ತಿಗೆಯ ಕಣ್ಣು ತುಂಬಿ ಬಂತು. ಎಂಥ ಹುಡುಗ! ಗಡಿಯಾರಗಳು ನಿಂತದ್ದು ತನ್ನ ಕರುಳಿಗೆ ಮಾತ್ರ ತಾಗಿದೆ ಎಂದುಕೊಂಡಿದ್ದಳು. ಇವನಿಗೂ ತಾಗಿದೆ. ಅಣ್ಣನ ಅಂಗಡಿಯನ್ನು ಮತ್ತೆ ನಡೆಸಬೇಕೆನ್ನುತ್ತಿದ್ದಾನೆ.

“ಆಗಲಿ ಕಣಪ್ಪ,” ಎಂದಳು. “ಆದ್ರೆ ಬೇರೆ ಯಾರೂ ಕೈ ಹಾಕೋದು ಬೇಡ. ನಿಮ್ಮಣ್ಣ ಇದ್ದಾಗಲೂ ನಾನೇ ಮಾಡ್ತಿದ್ದೆ. ಈಗಲೂ ನಾನೇ ಮಾಡ್ತೀನಿ.”

ಮೈದುನ ಒಂದು ಗಳಿಗೆ ಆಕೆಯ ಮುಖ ನೋಡಿದ. ಬಾಯಿ ತೆರೆದ. ಮತ್ತೆ ಮುಚ್ಚಿದ.

“ಏನಂದ್ಲು?” ಯಜಮಾನಿ ಕಿವಿಗೆ ಕೈ ಅಡ್ಡ ಹಿಡಿದಳು.

“ಒಪ್ಪಿದ್ರು!” ಎಂದು ಮೈದುನ ಕೂಗಿ ಹೇಳಿದ.

“ಗಟ್ಟಿಗಿತ್ತಿ,” ಎಂದಳು ಯಜಮಾನಿ.

ತಿಂಗಳ ಕೊನೆಯ ದಿನ ಅತ್ತಿಗೆ ಬೆಳಕು ಹರಿಯುವ ಮೊದಲೇ ಅಂಗಡಿಗೆ ಹೋದಳು. ನೆಲ ತೊಳೆದಳು. ಗಾಜುಗಳನ್ನು ಒರೆಸಿದಳು. ಸ್ಟೂಲು ಹತ್ತಿ, ಕಿವಿ ಕೊಟ್ಟು, ಒಂದೊಂದಕ್ಕೂ ಪೂರ್ತಿ ಕೀ ಕೊಟ್ಟು ಹೊತ್ತು ಸರಿಪಡಿಸಿದಳು. ಕೊನೆಯದು ಮುಗಿದಾಗ ಅಭ್ಯಾಸಬಲದಿಂದ ಖಾಲಿ ಮೇಜಿನ ಕಡೆ ತಿರುಗಿ “ಆಯ್ತು” ಎಂದಳು. ಆಮೇಲೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಗಂಡನ ಕುರ್ಚಿಯಲ್ಲಿ ಕೂತು, ಗಿರಾಕಿಗಳಿಗಾಗಿ ಬಾಗಿಲು ನೋಡತೊಡಗಿದಳು.

ಬಂದವರು ಗಿರಾಕಿಗಳಲ್ಲ. ಮೈದುನ ಬಂದ. ಹಿಂದೆ ಗರಗಸ, ಸುತ್ತಿಗೆ ಹಿಡಿದ ಬಡಗಿಗಳು ಬಂದರು. ಅವರು ಹೊಸಿಲು ದಾಟುವುದಕ್ಕೂ ಎಲ್ಲ ಗಡಿಯಾರಗಳೂ ಒಟ್ಟಿಗೇ ಹತ್ತು ಹೊಡೆಯುವುದಕ್ಕೂ ಸರಿಹೋಯಿತು. ಮೈದುನ ಸುತ್ತ ನೋಡಿದ, ಅತ್ತಿಗೆಯನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ.

“ಅಯ್ಯಯ್ಯೋ ಅತ್ತಿಗೆ! ವೈಂಡಪ್ ಅಂದ್ರೆ ಬಾಗಿಲು ಹಾಕೋದು! ಗಂಟುಮೂಟೆ ಕಟ್ಟೋದು! ನೀವು ನೋಡಿದ್ರೆ ಎಲ್ಲದಕ್ಕೂ ಕೀ ಕೊಟ್ಟು ಕೂತಿದ್ದೀರಲ್ರೀ!”

“ಬಾಗಿಲು ಯಾಕಪ್ಪ ಹಾಕಬೇಕು?”

“ನೀವೇ ಒಪ್ಪಿದ್ರಲ್ಲ, ಯಜಮಾನಿಯಮ್ಮನ ಎದುರಿಗೆ. ನಾನೇ ಮಾಡ್ತೀನಿ ಅಂತ ಬೇರೆ ಅಂದ್ರಿ.”

ಬಡಗಿಗಳೂ ನಕ್ಕರು. ಕೂಲಿ ಕೊಡುವವನು ನಗುವಾಗ ಸುಮ್ಮನಿರುವುದು ವ್ಯಾಪಾರದ ದೃಷ್ಟಿಯಿಂದ ಸರಿಯಲ್ಲ. ಗಡಿಯಾರಗಳನ್ನು ಗೋಡೆಯಿಂದ ಇಳಿಸಿ ಗೋಣಿಚೀಲಗಳಿಗೆ ತುಂಬಿದರು. ಕೀ ಪೂರ್ತಿ ಕೊಟ್ಟಿದ್ದರಿಂದ ಅವು ಚೀಲದೊಳಗೂ ಟಿಕ್ ಟಿಕ್ ಎನ್ನುತ್ತಲೇ ಇದ್ದವು. ಅತ್ತಿಗೆ ಆ ಚೀಲಗಳನ್ನು ಕೈಗಾಡಿಯಲ್ಲಿ ಮನೆಗೆ ಸಾಗಿಸಿ ಮಂಚದ ಕೆಳಗೆ ತಳ್ಳಿದಳು. ಒಂದು ವಾರ ಮಂಚದ ಕೆಳಗೆ ಜೀವವಿತ್ತು. ಆಮೇಲೆ ಅದೂ ಅಡಗಿತು.

ಶೋರೂಮ್ ತೆರೆದ ದಿನ ಬೀದಿಯವರೆಲ್ಲ ಚಹಾಕ್ಕೆ ಸೇರಿದ್ದರು. ಅತ್ತಿಗೆಯೂ ಹೋದಳು. ಅಷ್ಟುಹೊತ್ತಿಗೆ ಆಕೆ ತನ್ನನ್ನು ತಾನೇ ಬೈದುಕೊಂಡು ಸಮಾಧಾನವಾಗಿದ್ದಳು: ತಪ್ಪು ತಿಳಿದದ್ದು ನಾನು, ಹುಡುಗನದೇನು ತಪ್ಪು? ಮೈದುನ ಕಥೆ ಶುರು ಮಾಡಿದ. ಗಡಿಯಾರಗಳು ಹತ್ತು ಹೊಡೆದದ್ದನ್ನು ಬಾಯಲ್ಲೇ ಹೊಡೆದು ತೋರಿಸಿದ. ಎಲ್ಲರೂ ನಕ್ಕಿದ್ದು ಸಾಲದೆಂದು ಇನ್ನೂ ಒಂದು ಮಾತು ಸೇರಿಸಿದ:

“ನನಗೆ ಅವತ್ತೇ ಗೊತ್ತಾಯ್ತು ಕಣ್ರೀ, ಅತ್ತಿಗೆ ಏನೋ ಬೇರೆ ತಿಳ್ಕೊಂಡ್ರು ಅಂತ. ಸುಮ್ಮನಿದ್ದೆ. ನೋಡೋಣ ಅಂತ!”

ಅತ್ತಿಗೆಯೂ ಎಲ್ಲರ ಜೊತೆ ನಕ್ಕಳು. ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಎದ್ದು ಹೋದಳು. ಅಂದಿನಿಂದ ಬೀದಿಗೆ ಆಕೆ ವೈಂಡಪ್ ಅತ್ತಿಗೆ. ಅಂದಿನಿಂದ ಆಕೆಗೆ ಇದ್ದದ್ದು ಎರಡೇ ಗುರಿ: ಆ ಕೋಣೆ ವಾಪಸ್ಸು ಬರಬೇಕು, ಆ ಪದ ಅವನ ಬಾಯಲ್ಲೇ ಕಹಿಯಾಗಬೇಕು.

ಎದುರು ಕಟ್ಟಡದ ಮೆಟ್ಟಿಲ ಕೆಳಗೆ ಗಂಡನ ಮೇಜು ಹಾಕಿಕೊಂಡು ವಾಚು ರಿಪೇರಿಗೆ ಕೂತಳು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರೆ ಮುಚ್ಚದ ಇನ್ನೊಂದು ಕಣ್ಣು ನೇರ ಮೈದುನನ ಅಂಗಡಿಯ ಮೇಲೆ. ಗಂಡ ಲೋಕಕ್ಕೆ ಮುಚ್ಚುತ್ತಿದ್ದ ಕಣ್ಣು ಅದು. ಆಕೆ ತೆರೆದೇ ಇಟ್ಟಳು.

ಮೈದುನನ ಅಂಗಡಿಯಲ್ಲಿ ಒಂದು ಗಡಿಯಾರ ಉಳಿದಿತ್ತು. ಹಿಂದಿನ ಗೋಡೆಯ ಲೋಲಕದ ದೊಡ್ಡ ಗಡಿಯಾರ, ಆಳೆತ್ತರದ್ದು. ಭಾರವೆಂದು ಬಡಗಿಗಳು ಮುಟ್ಟಲಿಲ್ಲ, ಅಂದವಾಗಿದೆಯೆಂದು ಮೈದುನ ಬಿಡಲಿಲ್ಲ. ಆದರೆ ವಾರ ಕಳೆದ ಮೇಲೆ ಅದು ನಿಂತಿತು, ಕೀ ಅತ್ತಿಗೆಯ ಕೊರಳ ದಾರದಲ್ಲಿತ್ತು. ಅವನು ಕೇಳಿದಾಗ ಆಕೆ ಕೊಡಲಿಲ್ಲ. “ಅದಕ್ಕೆ ಕೈ ಪಳಗಿರಬೇಕಪ್ಪ. ಸುಮ್ಮನೆ ತಿರುಗಿಸಿದ್ರೆ ಕೆಟ್ಟುಹೋಗುತ್ತೆ. ನಾನೇ ವಾರವಾರ ಬಂದು ಕೊಟ್ಟುಹೋಗ್ತೀನಿ ಬಿಡು,” ಎಂದಳು. ಮೈದುನನಿಗೂ ಅದೇ ಬೇಕಾಗಿತ್ತು. ವಾರಕ್ಕೊಮ್ಮೆ ಗಿರಾಕಿಗಳಿಗೆ ಪುಕ್ಕಟೆ ನಾಟಕ.

“ಬಂದ್ರು ನೋಡಿ ನಮ್ಮ ವೈಂಡಪ್ ಅತ್ತಿಗೆ!” ಎಂದು ಸೋಮವಾರ ಬೆಳಿಗ್ಗೆ ಆಕೆಯ ತಲೆ ಕಾಣುತ್ತಲೇ ಕೂಗುತ್ತಿದ್ದ. ಒಂದು ಕಾಲಿಗೆ ಹೊಸ ಶೂ, ಇನ್ನೊಂದಕ್ಕೆ ಹಳೇ ಚಪ್ಪಲಿ ಹಾಕಿಕೊಂಡು ಕೂತ ಗಿರಾಕಿಗಳು ತಿರುಗುತ್ತಿದ್ದರು. ಅವನು ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದ. ಆಕೆ ಸ್ಟೂಲು ಹತ್ತಿ, ಅವರೆಲ್ಲರಿಗೂ ಬೆನ್ನು ಮಾಡಿ, ತನ್ನ ಕೋಣೆಯ ತನ್ನ ಗೋಡೆಯ ಮೇಲಿನ ತನ್ನ ಗಡಿಯಾರಕ್ಕೆ ಕೀ ಕೊಡುತ್ತಿದ್ದಳು. ಒಂದೊಂದು ಸುತ್ತಿಗೂ ಒಳಗೆ ಏನೋ ಬಿಗಿಯಾಗುತ್ತಿತ್ತು. ಗಡಿಯಾರದ ಒಳಗಷ್ಟೇ ಅಲ್ಲ.

ಪಕ್ಕದ ಓಣಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವ ಒಬ್ಬ ಟೀಚರಮ್ಮ ಇದ್ದಳು. ಒಂದು ದಿನ ಆಕೆ ಅಲಾರಂ ಟೈಮ್‌ಪೀಸು ರಿಪೇರಿಗೆ ತಂದಾಗ ಅತ್ತಿಗೆ ಅದನ್ನು ಬಿಚ್ಚುತ್ತ ಕೇಳಿದಳು: “ಟೀಚರಮ್ಮ, ವೈಂಡಪ್ ಅಂದ್ರೆ ಏನು?”

ಟೀಚರಮ್ಮನಿಗೆ ಕಥೆ ಗೊತ್ತಿತ್ತು. ಮುಜುಗರದಿಂದ ಕೇಳಿದಳು: “ಅದಕ್ಕೆ ಸುಮಾರು ಅರ್ಥ ಇದೆ ಅತ್ತಿಗೆ. ಯಾವುದು ಬೇಕು?”

“ಇರೋದೆಲ್ಲ ತೆಗೀರಿ. ನೋಡಿ ಆರಿಸ್ಕೋತೀನಿ.”

ಟೀಚರಮ್ಮ ನಕ್ಕು, ಮೆಟ್ಟಿಲ ಮೇಲೆ ಕೂತಳು. “ವೈಂಡ್ ಅಂದ್ರೆ ಸುತ್ತೋದು. ಅಪ್ ಅಂದ್ರೆ ಮೇಲೆ.”

“ಮೇಲಕ್ಕೆ ಸುತ್ತಿದ್ರೆ ಅಂಗಡಿ ಯಾಕೆ ಕೆಳಕ್ಕೆ ಬೀಳುತ್ತೆ?”

“ಅಲ್ಲೇ ಇರೋದು ಮಜಾ. ಇಂಗ್ಲಿಷಿನವರು ಮಾತಿಗೊಂದು ಬಾಲ ಕಟ್ತಾರೆ. ಬಾಲ ಅಲ್ಲಾಡಿದ್ರೆ ಅರ್ಥಾನೂ ಅಲ್ಲಾಡುತ್ತೆ. ಎಷ್ಟೋ ಕಡೆ ಅಪ್ ಅಂದ್ರೆ ಮೇಲೆ ಅಲ್ಲ, ಪೂರ್ತಿ ಅಂತ. ನಾವು ತಿನ್ನು ಅಂತೀವಿ, ತಿಂದುಬಿಡು ಅಂತೀವಿ ಅಲ್ವಾ? ಆ ‘ಬಿಡು’ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಅವರ ಅಪ್ಪು.”

“ಅಂದ್ರೆ, ಸುತ್ತಿಬಿಡು.”

“ಹ್ಞಾ, ಸುತ್ತಿಬಿಡು. ಹಿಂದೆ ನೂಲಿನ ಕೆಲಸದವರು ಕೆಲಸ ಆದ್ಮೇಲೆ ದಾರಾನ ಉಂಡೆ ಸುತ್ತಿ ಎತ್ತಿಡ್ತಿದ್ರಂತೆ. ಸುತ್ತಿದ್ರು ಅಂದ್ರೆ ಅವತ್ತಿಗೆ ಮುಗೀತು. ಮುಗಿಸೋದಕ್ಕೆ ವೈಂಡಪ್ ಅನ್ನೋದು ಅಲ್ಲಿಂದ ಬಂತು ಅಂತಾರೆ. ನಿಮ್ಮ ಗಡಿಯಾರದಲ್ಲಿ ನೋಡಿ, ಸುತ್ತಿದ್ರೇನೇ ಶುರು.”

ಅತ್ತಿಗೆಯ ಕೈಯಲ್ಲಿದ್ದ ಸ್ಕ್ರೂಡ್ರೈವರು ನಿಂತಿತು. ಅದೇ ಕೈ, ಅದೇ ತಿರುವು. ದಾರದವರಿಗೆ ಅದು ಮುಗಿತಾಯ, ಗಡಿಯಾರದವರಿಗೆ ಆರಂಭ. ಹಾಗಾದರೆ ತಾನು ದಡ್ಡಿಯಲ್ಲ. ತಾನು ಗಡಿಯಾರದವಳು, ಅಷ್ಟೆ. ಇಷ್ಟು ದಿನ ಒಂದು ಪಾಲು ಸಿಟ್ಟನ್ನು ತನ್ನ ಮೇಲೇ ಖರ್ಚು ಮಾಡುತ್ತಿದ್ದಳು. ಅದನ್ನೂ ಈಗ ವಾಪಸ್ಸು ತೆಗೆದು ಮೈದುನನ ಪಾಲಿಗೆ ಹಾಕಿದಳು.

“ಇನ್ನೂ ಒಂದಿದೆ,” ಎಂದಳು ಟೀಚರಮ್ಮ. “ಯಾರನ್ನಾದ್ರೂ ಬೇಕೂಂತ ಕೆಣಕಿ, ಉಬ್ಬಿಸಿ, ಕುಣಿಸೋದಕ್ಕೂ ವೈಂಡಪ್ ಅಂತಾರೆ.”

“ನಾವು ಕೀ ಕೊಡೋದು ಅಂತೀವಲ್ಲ, ಹಾಗಾ?”

“ಹಾಗೇ! ಪದಕ್ಕೆ ಪದ ಸರಿಹೋಯ್ತು ನೋಡಿ. ಇನ್ನೊಂದು ತಮಾಷೆ ಅಂದ್ರೆ, ವೈಂಡ್ ಅನ್ನೋ ಅದೇ ಅಕ್ಷರಗಳನ್ನ ವಿಂಡ್ ಅಂತ ಓದಿದ್ರೆ ಗಾಳಿ ಅಂತ ಅರ್ಥ.”

“ಗಾಳೀನೂ ಇದೆಯಾ?” ಅತ್ತಿಗೆ ಟೈಮ್‌ಪೀಸಿನ ಹಿಂಬದಿಯನ್ನು ಟಕ್ಕೆಂದು ಮುಚ್ಚಿದಳು. “ಅದನ್ನೂ ಕಟ್ಟಿಬಿಡಿ.”

ರಿಪೇರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಮಾಲು ಅಂಥ ಮಾಲು.

ಮೈದುನ ಎಂಬ ಯಂತ್ರಕ್ಕೆ ಕೀ ಹಾಕುವ ತೂತು ಎಲ್ಲಿದೆಯೆಂದು ಆಕೆಗೆ ಅವನ ಬಾಲ್ಯದಿಂದಲೇ ಗೊತ್ತಿತ್ತು. ಪಕ್ಕದವನ ತಟ್ಟೆಯಲ್ಲಿ ಏನಿದೆಯೆಂದು ನೋಡದೆ ಅವನು ತುತ್ತು ಎತ್ತಿದವನಲ್ಲ. ಈಗ ಆ ಪಕ್ಕದವನೆಂದರೆ ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಷಡ್ಡಕನದೂ ಚಪ್ಪಲಿ ವ್ಯಾಪಾರ, ದೊಡ್ಡ ರಸ್ತೆಯ ಮೂಲೆಯಲ್ಲಿ. ಯಾರ ಶೋರೂಮ್ ದೊಡ್ಡದು ಎಂಬ ಮಾತಿಗೆ ಇಬ್ಬರಿಗೂ ಜಗಳವಾಗಿ, ಅಕ್ಕತಂಗಿಯರ ಮಾತೂ ನಿಂತು, ಮೈದುನ ಆ ರಸ್ತೆಗೆ ಕಾಲಿಡುವುದಿಲ್ಲವೆಂದು ಪಣ ತೊಟ್ಟು, ಬಸ್ಸಿಗೂ ಸುತ್ತು ಬಳಸಿ ಹೋಗುತ್ತಿದ್ದ. ಕಣ್ಣಿನಿಂದ ನೋಡದ ಅಂಗಡಿಗಿಂತ ದೊಡ್ಡ ಅಂಗಡಿ ಲೋಕದಲ್ಲಿ ಇನ್ನೊಂದಿಲ್ಲ.

ಮುಂದಿನ ಸೋಮವಾರ ಅತ್ತಿಗೆ ಸ್ಟೂಲಿನ ಮೇಲಿಂದಲೇ, ಗೋಡೆಗೆ ಹೇಳುವ ಹಾಗೆ, ಕೇಳಿದಳು: “ಮೂಲೆ ಅಂಗಡಿಗೆ ಗಾಜಿನ ಬಾಗಿಲು ಬರ್ತಿದೆಯಂತೆ, ಹೌದಾ?”

“ಯಾವ ಮೂಲೆ?”

“ನಿನ್ನ ಷಡ್ಡಕಂದು.”

“ಯಾರಂದ್ರು?”

“ನನಗೇನಪ್ಪ ಗೊತ್ತು? ಗಾಳಿಮಾತು. ಇಲ್ಲದೇನೂ ಇರಬಹುದು.”

ಸುಳ್ಳು ಹೇಳುವುದಿಲ್ಲವೆಂದು ಆಕೆ ನಿಯಮ ಮಾಡಿಕೊಂಡಿದ್ದಳು. ಸುಳ್ಳು ಕೆಟ್ಟದ್ದೆಂದಲ್ಲ, ಸಿಕ್ಕಿಬಿದ್ದರೆ ವ್ಯಾಪಾರ ಕೆಡುತ್ತದೆಂದು. ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಎರಡಕ್ಷರವಿರುವಾಗ ಸುಳ್ಳಿನ ಅಗತ್ಯವಾದರೂ ಏನು? ಮಾತಿನ ಕೊನೆಗೆ ಅದೊಂದನ್ನು ಅಂಟಿಸಿದರೆ ಮಾತು ಅನಾಥ, ಅಪ್ಪ ಯಾರೆಂದು ಕೇಳುವಂತಿಲ್ಲ. ಅದರ ಹಿಂದೆ ‘ಹೌದಾ’ ಸೇರಿಸಿದರಂತೂ ಹೇಳಿದವಳೇ ತಿಳಿಯದವಳು, ಕೇಳಿದವನೇ ತಿಳಿದವನು.

ತಿಂಗಳು ತುಂಬುವುದರೊಳಗೆ ಮೈದುನನ ಅಂಗಡಿಗೆ ಗಾಜಿನ ಬಾಗಿಲು ಬಂತು. ಅತ್ತಿಗೆ ಅದನ್ನು ತಳ್ಳಿಕೊಂಡು ಒಳಗೆ ಬಂದು ಮೆಚ್ಚಿದಳು. “ಬಾಗಿಲು ಚೆನ್ನಾಗಿದೆಯಪ್ಪ. ಒಳಗೆ ಮಾತ್ರ ಸೆಕೆ. ಈಗೀಗ ಎಲ್ರೂ ಎ.ಸಿ. ಹಾಕಿಸ್ತಾರಂತಲ್ಲ. ನಿನಗ್ಯಾಕೆ ಬಿಡು, ಇರೋದೊಂದು ಸಣ್ಣ ಅಂಗಡಿ.”

‘ಸಣ್ಣ’ ಎಂಬ ಪದದ ಬಳಿ ಸ್ಪ್ರಿಂಗು ಬಿಗಿಯಾದದ್ದು ಆಕೆಗೆ ಬೆನ್ನ ಹಿಂದಿನಿಂದಲೇ ಕೇಳಿಸಿತು. ಎ.ಸಿ. ಬಂತು. ಮೇಲ್ಛಾವಣಿಗೆ ಕನ್ನಡಿ ಬಂತು, ಗಿರಾಕಿಗಳು ತಮ್ಮ ಬೋಳುತಲೆಯನ್ನು ಮೇಲಿನಿಂದ ನೋಡಿಕೊಂಡು ಬೇಸರಪಟ್ಟು ಹೋಗತೊಡಗಿದರು. ಕೂತರೆ ಏಳಲಾಗದ ಸೋಫಾ ಬಂತು. ಕೆಲಸದವರ ಕುತ್ತಿಗೆಗೆ ಟೈ ಬಂತು. ಪ್ರತಿಯೊಂದು ಬಂದಾಗಲೂ ಅತ್ತಿಗೆ ಸಾಕು ಎಂಬ ಶಬ್ದ ಕೇಳುವವರೆಗೆ ತಿರುಗಿಸಿ, ಅಲ್ಲಿಗೆ ಕೈ ನಿಲ್ಲಿಸಿ, ಇಳಿದು, ಎದುರಿನ ಮೆಟ್ಟಿಲ ಕೆಳಗೆ ಹೋಗಿ ಕೂರುತ್ತಿದ್ದಳು. ಆತುರಪಡಲಿಲ್ಲ. ಅದು ವಾರದ ಗಡಿಯಾರ, ವಾರಕ್ಕೊಮ್ಮೆ ಕೊಟ್ಟರಾಯಿತು.

ಆಮೇಲೆ ಬಸ್ ನಿಲ್ದಾಣದ ಹಿಂದೆ ಹೊಸ ಕಾಂಪ್ಲೆಕ್ಸ್ ಎದ್ದಿತು. ಅದರ ಮಳಿಗೆಗಳಿಗೆ ಕೇಳುವ ಬಾಡಿಗೆ ಕೇಳಿದವರಿಗೆ ತಲೆ ತಿರುಗುತ್ತಿತ್ತು. ಅತ್ತಿಗೆಗೆ ತಿಳಿದುಹೋಯಿತು, ಅರ್ಧ ಸುತ್ತು ಇದೇ. ಆ ಸೋಮವಾರ ಸ್ಟೂಲಿನ ಮೇಲೆ ನಿಂತವಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ಆದರೆ ಯಾಕೋ ಹೊರಡಲಿಲ್ಲ. ಕೆಳಗೆ ಮೈದುನ ಬಗ್ಗಿ ಯಾವುದೋ ಮಗುವಿನ ಬೂಟಿಗೆ ಲಾಡಿ ಕಟ್ಟುತ್ತಿದ್ದ. ಆ ಗಂಟು ಹಾಕುವುದನ್ನು ಅವನಿಗೆ ಕಲಿಸಿದವಳು ತಾನೇ. ಅವನ ನೆತ್ತಿಯ ಸುಳಿ ಈಗಲೂ ಹಾಗೇ ಇತ್ತು, ಎಷ್ಟು ಬಾಚಿದರೂ ಕೂರದ ಸುಳಿ. ಇಷ್ಟಕ್ಕೇ ಬಿಟ್ಟುಬಿಡಲೇ ಎಂದುಕೊಂಡಳು. ಕೀಯನ್ನು ಹೊರಗೆ ತೆಗೆದೂಬಿಟ್ಟಳು.

ಆಗ ಮೈದುನ ತಲೆಯೆತ್ತಿ, ಮಗುವಿನ ತಾಯಿಗೆ ಕಣ್ಣು ಮಿಟುಕಿಸಿದ.

“ಇವರು ಯಾರು ಗೊತ್ತಾ ಮೇಡಂ? ನಮ್ಮ ಮನೆ ಇಂಗ್ಲಿಷ್ ಪಂಡಿತೆ. ಪಾಪ, ಬಾಗಿಲು ಹಾಕಿ ಅಂದ್ರೆ ಕೀ ಕೊಟ್ಟು ಕೂತಿದ್ರು. ಹೇಳಿ ಅತ್ತಿಗೆ, ಅಣ್ಣ ಮೇಲಿಂದ ಇನ್ನೂ ಕೇಳ್ತಾನಾ, ವೈಂಡಪ್ ಆಯ್ತಾ ಅಂತ?”

ಆ ಮಾತು ಗಂಡಹೆಂಡಿರದು. ಗೋಡೆಯ ಗಡಿಯಾರಗಳಲ್ಲದೆ ಇನ್ನಾರೂ ಕೇಳಬಾರದ್ದು. ತಾಯಿ ನಕ್ಕಳು. ಏನೂ ತಿಳಿಯದೆ ಮಗುವೂ ನಕ್ಕಿತು.

ಅತ್ತಿಗೆ ಕೀಯನ್ನು ಮತ್ತೆ ತೂತಿಗಿಟ್ಟಳು. ಗಡಿಯಾರಕ್ಕೆ ಸಾಕಾಗಿತ್ತು. ತಿರುಗಿಸಲಿಲ್ಲ, ಸುಮ್ಮನೆ ಹಿಡಿದುಕೊಂಡು ಹೇಳಿದಳು: “ಹೊಸ ಕಾಂಪ್ಲೆಕ್ಸಿನ ಮೂಲೆ ಮಳಿಗೇನ ನಿನ್ನ ಷಡ್ಡಕ ಹಿಡೀತಾನಂತೆ, ಹೌದಾ? ನಾಳೆ ಮುಂಗಡ ಕೊಡ್ತಾನಂತೆ. ಕೊಡಲಿ ಬಿಡು. ಅದೆಲ್ಲ ದೊಡ್ಡೋರ ವ್ಯವಹಾರ.”

ಮೈದುನ ಲಾಡಿಯ ಗಂಟನ್ನು ಅರ್ಧಕ್ಕೇ ಬಿಟ್ಟು ಎದ್ದ. ಅಂದು ಸಂಜೆಯೊಳಗೆ ಮಳಿಗೆ ಅವನದಾಗಿತ್ತು.

ಎರಡು ಅಂಗಡಿ, ಒಂದು ತಲೆ. ಅವನು ಇಲ್ಲಿದ್ದರೆ ಅಲ್ಲಿ ಕೆಲಸದವರು ಸೋಫಾದಲ್ಲಿ ನಿದ್ದೆ. ಅಲ್ಲಿದ್ದರೆ ಇಲ್ಲಿ. ಅವಸರದಲ್ಲಿ ಮಾಲು ಹಂಚುವಾಗ ಪೆಟ್ಟಿಗೆಗಳು ಅದಲುಬದಲಾಗಿ, ಎಷ್ಟೋ ಜೊತೆಗಳ ಬಲಗಾಲಿನದು ಇಲ್ಲಿ, ಎಡಗಾಲಿನದು ಅಲ್ಲಿ ಉಳಿದವು. ಬೇಕಾದ ಗಿರಾಕಿ ಒಂದು ಕಾಲಿಗೆ ಇಲ್ಲಿ ಹಾಕಿಕೊಂಡು ಇನ್ನೊಂದಕ್ಕೆ ಬಸ್ಸು ಹತ್ತಬೇಕು. ಯಾರು ಹತ್ತುತ್ತಾರೆ? ಈ ಸಲ ಬೀದಿಯಲ್ಲಿ ಹಬ್ಬಿದ್ದು ಹೊಸ ನಗೆ, ಹಳೆಯ ವೈಂಡಪ್ ಕಥೆಯನ್ನು ಕೇಳುವವರು ಕಡಿಮೆಯಾದರು. ಮೈದುನನ ಗಂಟಲು ಸಣ್ಣದಾಗುತ್ತ ಬಂತು. ಮೊದಲು ಕಾಂಪ್ಲೆಕ್ಸಿನ ಮಳಿಗೆ ಹೋಯಿತು. ಅದು ಹೋಗುವಾಗ ಒಂಟಿಯಾಗಿ ಹೋಗಲಿಲ್ಲ, ಈ ಅಂಗಡಿಯ ಮಾಲನ್ನೂ ಎಳೆದುಕೊಂಡು ಹೋಯಿತು.

ಅಷ್ಟರಲ್ಲಿ ಮೈದುನನ ಹೆಂಡತಿಯ ತವರಿನಲ್ಲಿ ತಾಯಿ ಹಾಸಿಗೆ ಹಿಡಿದು, ನೋಡಲು ಹೋದ ಅಕ್ಕತಂಗಿಯರು ಆಕೆಯ ತಲೆದೆಸೆಯಲ್ಲಿ ಎದುರುಬದುರಾಗಿ, ಅತ್ತು, ಮಾತು ಬಿಟ್ಟಿದ್ದನ್ನು ಮರೆತರು. ಅಕ್ಕನ ಮಾತಿನಿಂದ ತಂಗಿಗೆ, ತಂಗಿಯಿಂದ ಮೈದುನನಿಗೆ ತಿಳಿದುಬಂದದ್ದಿಷ್ಟು: ಷಡ್ಡಕನ ಅಂಗಡಿಗೆ ಇಂದಿಗೂ ಅದೇ ಮರದ ಬಾಗಿಲು. ಎ.ಸಿ. ಇಲ್ಲ, ಫ್ಯಾನಿದೆ, ಅದನ್ನೂ ಕೋಲಿನಿಂದ ತಳ್ಳಿದರೆ ತಿರುಗುತ್ತದೆ. ಕಾಂಪ್ಲೆಕ್ಸನ್ನು ಅವನು ಬಸ್ಸಿನ ಕಿಟಕಿಯಿಂದ ನೋಡಿದ್ದಾನೆ, ಅಷ್ಟೆ.

ಅತ್ತಿಗೆ ಆ ಸೋಮವಾರ ಮೊದಲ ಸಲ ಕೀ ಕೊಡಲು ಹೋಗಲಿಲ್ಲ. ದೊಡ್ಡ ಗಡಿಯಾರ ನಿಂತಿತು. ಮಾರನೆಯ ದಿನ ಅದೇ ಬಡಗಿಗಳು ಗರಗಸ, ಸುತ್ತಿಗೆ ಹಿಡಿದು ಬಂದರು. ಆಕೆ ರಸ್ತೆ ದಾಟಿ ಬಂದಾಗ ಮೈದುನ ಬರಿದಾದ ಶೆಲ್ಫುಗಳ ನಡುವೆ ಒಂಟಿ ಶೂಗಳನ್ನು ಚೀಲಕ್ಕೆ ತುಂಬುತ್ತಿದ್ದ. ಆಕೆಯನ್ನು ಕಂಡು ನಿಂತ.

“ಇಷ್ಟು ದಿನ ನನಗೆ ಕೀ ಕೊಟ್ಟಿದ್ದು ನೀವಾ ಅತ್ತಿಗೆ?”

“ಯಾಕಪ್ಪ, ವಾರಕ್ಕೊಂದ್ಸಲ ನಿನ್ನ ಕಣ್ಣೆದುರಿಗೇ ಕೊಡ್ತಿದ್ದೆನಲ್ಲ.”

“ಬರೀ ಸುಳ್ಳು ಹೇಳಿದ್ರಿ.”

“ಸುಳ್ಳೆಲ್ಲಿ ಬಂತು? ‘ಅಂತೆ’ ಅಂದೆ. ‘ಹೌದಾ’ ಅಂತ ನಿನ್ನನ್ನೇ ಕೇಳ್ದೆ. ನೀನೇ ಹೌದು ಅಂದ್ಕೊಂಡೆ. ನನಗೆ ಅವತ್ತೇ ಗೊತ್ತಾಯ್ತು, ನೀನು ಏನೋ ಬೇರೆ ತಿಳ್ಕೊಂಡೆ ಅಂತ. ಸುಮ್ಮನಿದ್ದೆ. ನೋಡೋಣ ಅಂತ.”

ಮೈದುನ ಆ ಮಾತನ್ನು ಎಲ್ಲೋ ಕೇಳಿದ್ದೇನೆಂದು ಹುಡುಕುವವನ ಹಾಗೆ ನೋಡಿದ. ಸಿಕ್ಕಿದಾಗ ಕಣ್ಣು ಕೆಳಗಾಯಿತು.

ಸದ್ದಿಗೆ ಯಜಮಾನಿ ಕೋಲೂರಿಕೊಂಡು ಮಹಡಿಯಿಂದ ಇಳಿದು ಬಾಗಿಲಲ್ಲಿ ನಿಂತಳು. “ಏನಂತೆ?”

“ಏನೋ ಇಂಗ್ಲಿಷಿನಲ್ಲಿ ಹೇಳ್ತಾರಲ್ಲಪ್ಪ ಅದಕ್ಕೆ, ನೀನೇ ಹೇಳು,” ಎಂದಳು ಅತ್ತಿಗೆ. “ಅಮ್ಮನಿಗೆ ಕಿವಿ ಮಂದ, ಜೋರಾಗಿ ಹೇಳು.”

“ವೈಂಡಪ್,” ಎಂದ ಮೈದುನ.

“ಏನು?”

“ವೈಂಡಪ್ ಮಾಡ್ತಿದ್ದೀನಮ್ಮ!”

“ಕೇಳಿಸ್ಲಿಲ್ಲ,” ಎಂದಳು ಅತ್ತಿಗೆ. ಆಕೆಯ ಕಿವಿಗೇನೂ ಆಗಿರಲಿಲ್ಲ.

ಮೈದುನ ಹಳೆಯ ಗಂಟಲಿನಲ್ಲಿ ಕೂಗಿದ. ಆ ತುದಿಯ ಇಸ್ತ್ರಿ ಅಂಗಡಿಯವನು ತಲೆಯೆತ್ತಿ ನೋಡಿದ. ಬಡಗಿಗಳು ನಕ್ಕರು. ಅವರ ಕೂಲಿ ಈ ಸಲ ಯಾರು ಕೊಡುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಕೋಣೆಯ ಬಾಡಿಗೆಯ ಬಗ್ಗೆ ಯಜಮಾನಿಯ ಜೊತೆ ಅತ್ತಿಗೆಯ ಮಾತುಕತೆ ಹಿಂದಿನ ವಾರವೇ ಮುಗಿದಿತ್ತು. ಅಚ್ಚಗನ್ನಡದಲ್ಲಿ, ಒಂದು ಪದವೂ ಆಚೀಚೆಯಾಗದ ಹಾಗೆ.

“ಇವತ್ತಿನ ವೈಂಡಪ್ ನಿಂದು,” ಎಂದಳು ಅತ್ತಿಗೆ, ಕೊರಳ ದಾರದಿಂದ ಕೀಯನ್ನು ಬಿಚ್ಚುತ್ತ. “ನಾಳೆದು ನಂದು.”

ಮಂಚದ ಕೆಳಗಿನ ಚೀಲಗಳು ಹೊರಬಂದವು. ಗಡಿಯಾರಗಳು ಗೋಡೆಗೆ ಮರಳಿದವು. ಗಾಜಿನ ಬಾಗಿಲು, ಎ.ಸಿ. ಹಾಗೇ ಉಳಿದವು, ಮೈದುನನ ಕಾಣಿಕೆ. ಬೋರ್ಡಿಗೆ ಏನು ಬರೆಯಲೆಂದು ಪೇಂಟರು ಕೇಳಿದಾಗ ಆಕೆ ಒಂದೇ ಪದ ಹೇಳಿದಳು, ದಪ್ಪಕ್ಷರದಲ್ಲಿ ಬರೆಯಲು ಹೇಳಿದಳು.

ಮೈದುನ ಈಗ ಷಡ್ಡಕನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಬೆಳಿಗ್ಗೆ ಫ್ಯಾನನ್ನು ಕೋಲಿನಿಂದ ತಳ್ಳುವುದು ಅವನ ಮೊದಲ ಕೆಲಸ. ಮನೆ ಇನ್ನೂ ಇದೇ ಬೀದಿಯ ಹಿಂದೆ. ಬಸ್ಸು ನಿಲ್ಲುವುದು ಅತ್ತಿಗೆಯ ಅಂಗಡಿಯ ಎದುರಿಗೆ. ಆ ನಿಲುಗಡೆಗೆ ಮೊದಲು ಬೇರೇನೋ ಹೆಸರಿತ್ತು. ಆದರೆ ಕಂಡಕ್ಟರುಗಳು ಕಣ್ಣಿಗೆ ಮೊದಲು ಕಾಣುವ ಬೋರ್ಡನ್ನೇ ಓದುವ ಜನ. ಒಂದು ವರ್ಷದೊಳಗೆ ಹಳೆಯ ಹೆಸರು ಅವರ ಬಾಯಿಂದ ಉದುರಿಹೋಯಿತು.

ಸಂಜೆಯ ಬಸ್ಸಿನಲ್ಲಿ ಜನ ಕಿಕ್ಕಿರಿದಿರುತ್ತಾರೆ. ಕಂಡಕ್ಟರು ಮೈದುನನ ಹತ್ತಿರ ಬಂದು ಎಲ್ಲಿಗೆ ಎಂದು ಕೇಳುತ್ತಾನೆ. ಮೈದುನ ಮೆಲ್ಲಗೆ ಹೇಳುತ್ತಾನೆ.

“ಎಲ್ಲಿಗೆ? ಜೋರಾಗಿ ಹೇಳ್ರೀ.”

“ಒಂದು ವೈಂಡಪ್ಪು,” ಎನ್ನುತ್ತಾನೆ ಮೈದುನ, ದಿನಾ.